ಗೆದ್ದವನು ಯಾಕೆ ಕಾಡಿಗೆ ಹೋದ ಮಿಸ್?

ನಮ್ಮ ಕನ್ನಡ ಸಾಹಿತ್ಯದಲ್ಲಿ ಜಗಳಕ್ಕೇನೂ ಬರ ಇಲ್ಲ. ರನ್ನನ ಗದೆ ಇದೆ, ಕುಮಾರವ್ಯಾಸನ ಕುರುಕ್ಷೇತ್ರ ಇದೆ, ಹಲಗಲಿ ಬೇಡರ ಲಾವಣಿ ಇದೆ. ಮಕ್ಕಳಿಗೂ ಇವೆಲ್ಲ ಇಷ್ಟವೇ. ಭೀಮ ದುರ್ಯೋಧನನ ತೊಡೆ ಮುರಿಯುವ ಹೊತ್ತಿಗೆ ಕೊನೆ ಬೆಂಚಿನವರೂ ನೆಟ್ಟಗೆ ಕೂರುತ್ತಾರೆ. ಆದರೆ ಪರೀಕ್ಷೆಯಲ್ಲಿ ನಾವು ಕೇಳುವುದೇನು? 'ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ.' ಯಾರು ಹೇಳಿದ್ದು, ಯಾರಿಗೆ ಹೇಳಿದ್ದು, ಯಾವಾಗ ಹೇಳಿದ್ದು. ಜಗಳ ಯಾಕೆ ಬಂತು, ನಿಲ್ಲಿಸೋಕೆ ಯಾರು ಏನು ಮಾಡಿದರು, ಅದು ಯಾಕೆ ಕೈಗೂಡಲಿಲ್ಲ ಅಂತ ಕೇಳಿದ ಪ್ರಶ್ನೆಪತ್ರಿಕೆಯನ್ನು ನಾನಂತೂ ನೋಡಿಲ್ಲ.

ನಾನು ಕಲಿಸುವುದು ಬೆಂಗಳೂರಿನ ಮಾಗಡಿ ರಸ್ತೆ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ. ಮಕ್ಕಳ ಅಮ್ಮಂದಿರಲ್ಲಿ ಜಾಸ್ತಿ ಜನ ಗಾರ್ಮೆಂಟ್ಸಿಗೆ ಹೋಗುವವರು. ಅಪ್ಪಂದಿರು ಆಟೋ ಓಡಿಸುತ್ತಾರೆ, ಇಲ್ಲವೇ ಪೀಣ್ಯದಲ್ಲಿ ಲೇತ್ ಮೇಲೆ ನಿಲ್ಲುತ್ತಾರೆ. ಕೆಲವರ ಮನೆಯಲ್ಲಿ ತಮಿಳು, ಕೆಲವರದು ತೆಲುಗು, ಉರ್ದು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳೂ ಇದ್ದಾರೆ. ಬೈದಾಡುವಾಗ ಮಾತ್ರ ಎಲ್ಲರದೂ ಒಂದೇ ಕನ್ನಡ, ಅದೂ ಬಹಳ ಶುದ್ಧ.

ಶಾಲೆಗೊಂದು ಮೈದಾನ ಇದೆ. ಮೈದಾನ ಅನ್ನೋದೂ ದೊಡ್ಡ ಮಾತಾಯಿತು. ಒಂದು ಕಡೆ ಹಿಂದಿನ ಮನೆಗಳ ಎತ್ತರದ ಗೋಡೆ, ಇನ್ನೊಂದು ಕಡೆ ಗೇಟು ಮತ್ತು ಮೊಣಕಾಲೆತ್ತರದ ಕಾಂಪೌಂಡು, ಅದರಾಚೆ ರಸ್ತೆ. ಆಟದ ಪೀರಿಯಡ್‌ನಲ್ಲಿ ಒಂಬತ್ತನೇ ಕ್ಲಾಸಿನ ಹುಡುಗರಿಗೆ ಕ್ರಿಕೆಟ್, ಹುಡುಗಿಯರಿಗೆ ಥ್ರೋಬಾಲ್. ಇಬ್ಬರಿಗೂ ಬೇಕಾದದ್ದು ಗೋಡೆ ಪಕ್ಕದ ಜಾಗವೇ.

ಒಂದು ಗುರುವಾರ ಕೊನೆ ಪೀರಿಯಡ್‌ನಲ್ಲಿ ಹುಡುಗರು ಥ್ರೋಬಾಲ್ ನೆಟ್ಟಿನ ಕಂಬ ಕಿತ್ತು ವಿಕೆಟ್ ಮಾಡಿಕೊಂಡರು. ಹುಡುಗಿಯರು ಸುಮ್ನಿರಲಿಲ್ಲ. ಗಲಾಟೆಯ ನಡುವೆ ಬ್ಯಾಟನ್ನೇ ಮಾಯ ಮಾಡಿದರು. ಅದಕ್ಕೆ ಯಾರೋ ಕಂಪಾಸ್ ಮುಳ್ಳಿನಿಂದ ಥ್ರೋಬಾಲ್ ಚುಚ್ಚಿದರು. ಇದೆಲ್ಲ ನಮಗೆ ತಿಳಿದದ್ದು ಮಾರನೇ ದಿನ ಬೆಳಿಗ್ಗೆ, ಬಿಸಿಯೂಟದ ಅಡುಗೆ ಅಕ್ಕ ಅಕ್ಕಿ ಮೂಟೆ ಎಳೆಯಲು ಹೋದಾಗ. ಅವರು ಬ್ಯಾಟ್ ಹಿಡಿದುಕೊಂಡೇ ಸ್ಟಾಫ್ ರೂಮಿಗೆ ಬಂದರು. "ಮೇಡಂ, ಇದನ್ನೂ ಸಾರಿಗೆ ಹಾಕಬೇಕಾ?"

ಸಹೋದ್ಯೋಗಿಯೊಬ್ಬರು ಪೆನ್ನಿನ ಕ್ಯಾಪ್ ಕೂಡ ಮುಚ್ಚದೆ ತೀರ್ಪು ಕೊಟ್ಟರು. "ಎರಡೂ ಕಡೆಯವರ ಹತ್ರ ಸಾರಿ ಹೇಳಿಸಿ. ಹುಡುಗಿಯರಿಗೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅನ್ನಿ. ಅವರು ಅರ್ಥ ಮಾಡ್ಕೋತಾರೆ." ಒಳ್ಳೆಯ ಮನುಷ್ಯ, ಪಾಠವನ್ನೂ ಚೆನ್ನಾಗಿ ಮಾಡುತ್ತಾರೆ. ಆದರೆ ಯಾರು ಅರ್ಥ ಮಾಡಿಕೊಳ್ಳುತ್ತಾರೋ ಅವರ ತಲೆ ಮೇಲೇ ಪ್ರತಿ ಸಲ ಹೊರೆ ಇಡುವುದು ನನಗೆ ಹಿಡಿಸುವುದಿಲ್ಲ. ಹಾಗೆ ಮುಚ್ಚಿದ ಜಗಳ ಮುಂದಿನ ಗುರುವಾರ ಮತ್ತೆ ಎದ್ದೇಳುತ್ತದೆ.

ಅವತ್ತು ನಾನು ಹೇಳಬೇಕಿದ್ದದ್ದು ತತ್ಪುರುಷ ಸಮಾಸ. ಕ್ಲಾಸಿನೊಳಗೆ ಕಾಲಿಟ್ಟರೆ ಎರಡು ಸೇನೆಗಳು ಎರಡು ಕಡೆ ಕೂತಿವೆ, ನಡುವಿನ ಬೆಂಚು ಖಾಲಿ. ಸಮಾಸ ಯಾರ ಕಿವಿಗೂ ಬೀಳುವ ಹಾಗಿರಲಿಲ್ಲ. ಕಥೆ ಹೇಳೋಣ ಅನ್ನಿಸಿತು.

ಸಂಧಿಯ ಕಥೆ ಅಂದರೆ ಮೊದಲು ನೆನಪಾಗುವುದು ಕೃಷ್ಣಸಂಧಾನ. ಅದನ್ನು ಬೇಕೆಂದೇ ಬಿಟ್ಟೆ. ಐದು ಊರಾದರೂ ಕೊಡಿ ಅನ್ನುವವರೆಗೆ ಪಾಂಡವರ ಕಡೆಯ ಬೇಡಿಕೆ ಇಳಿಯುತ್ತದೆ, ಸೂಜಿಮೊನೆಯಷ್ಟು ನೆಲವೂ ಇಲ್ಲ ಅನ್ನುತ್ತಾನೆ ದುರ್ಯೋಧನ. ಅಲ್ಲಿಗೆ ಮಾತು ಮುಗಿಯಿತು. ಆಮೇಲೆ ಕುಮಾರವ್ಯಾಸನ ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟು ಹೇಳುತ್ತಾನೆ. ಆ ಭಾಗ ನನಗೆ ಪ್ರಾಣ. ಆದರೆ ಅದು ಜಗಳ ನಿಲ್ಲಿಸುವ ಮಾತಲ್ಲ, ಎದುರಾಳಿಯ ಬಲಗೈ ಮುರಿಯುವ ಮಾತು. ಶಾಂತಿಪಾಠ ಅಂತ ಅದನ್ನು ಹೇಳಿಕೊಡಲು ನನಗೆ ಬಾಯಿ ಬರುವುದಿಲ್ಲ.

ಹಾಗಾಗಿ ಪಂಪನ ಕಡೆ ಹೋದೆ. ಕ್ರಿ.ಶ. 941ರಲ್ಲಿ ಬರೆದ 'ಆದಿಪುರಾಣ'ದ ಭರತ-ಬಾಹುಬಲಿ. ಇದು ನಮ್ಮ ಮಕ್ಕಳಿಗೆ ಅರ್ಧ ಗೊತ್ತಿರುವ ಕಥೆ. ಶ್ರವಣಬೆಳಗೊಳಕ್ಕೆ ಟೂರ್ ಹೋಗಿ 58 ಅಡಿಯ ಗೊಮ್ಮಟನನ್ನು ನೋಡಿರುತ್ತಾರೆ, ಮೆಟ್ಟಿಲು ಹತ್ತಿ ಕಾಲು ನೋಯಿಸಿಕೊಂಡದ್ದು ಇನ್ನೂ ಚೆನ್ನಾಗಿ ನೆನಪಿರುತ್ತದೆ.

ಅಣ್ಣ ಭರತ ದಿಗ್ವಿಜಯ ಮುಗಿಸಿ ಬಂದ. ಅವನ ಚಕ್ರರತ್ನ ಅಯೋಧ್ಯೆಯ ಬಾಗಿಲಲ್ಲೇ ನಿಂತುಬಿಟ್ಟಿತು, ಒಳಗೆ ಬರಲೊಲ್ಲದು. ಯಾಕೆ ಅಂದರೆ ತಮ್ಮಂದಿರು ಇನ್ನೂ ಅವನಿಗೆ ತಲೆಬಾಗಿಲ್ಲ. ಉಳಿದ ತಮ್ಮಂದಿರೆಲ್ಲ ರಾಜ್ಯವೇ ಬೇಡ ಅಂತ ದೀಕ್ಷೆ ತೊಟ್ಟರು. ಪೌದನಪುರದ ಬಾಹುಬಲಿ ಮಾತ್ರ ಒಪ್ಪಲಿಲ್ಲ. ಅಣ್ಣ ಅಂತ ನಮಸ್ಕಾರ ಮಾಡೋದರಲ್ಲಿ ಅವಮಾನ ಏನಿದೆ, ಆದರೆ ತಲೆ ಮೇಲೆ ಕತ್ತಿ ಊರಿ ಬಗ್ಗು ಅಂದರೆ ಬಗ್ಗೋದು ಹೇಡಿತನ ಅಂದ.

ಇಷ್ಟು ಹೇಳಿ ಬೋರ್ಡಿನ ಮೇಲೆ ಮೂರು ಕಾಲಂ ಎಳೆದೆ. ಏನು ಕೇಳಿದ? ಯಾಕೆ ಕೇಳಿದ? ಏನು ಬಿಟ್ಟುಕೊಡಬಹುದಿತ್ತು? ಮೊದಲನೆಯದು ಬೇಗ ತುಂಬಿತು. ಎರಡನೆಯದಕ್ಕೆ ತಡವಾಯಿತು. "ಭರತನಿಗೆ ಜಾಗ ಬೇಕಿರಲಿಲ್ಲ ಮಿಸ್, ಅವನ ಹತ್ರ ಆಗ್ಲೇ ಎಲ್ಲ ಇತ್ತು. ಚಕ್ರ ಬಾಗಿಲಲ್ಲಿ ನಿಂತಿದೆ, ಊರವರೆಲ್ಲ ನೋಡ್ತಿದ್ದಾರೆ, ಮರ್ಯಾದೆ ಪ್ರಶ್ನೆ" ಅಂದ ಒಬ್ಬ. ಹೋಂವರ್ಕ್ ತರದೇ ಬರುವವರಲ್ಲಿ ಅವನೇ ಮೊದಲು. "ಬಾಹುಬಲಿಗೂ ಅದೇ" ಅಂತ ಆಚೆ ಕಡೆಯಿಂದ ದನಿ ಬಂತು. ಅಂತೂ ಎರಡು ಸೇನೆಗಳ ನಡುವೆ ಮಾತು ಶುರುವಾಯಿತು.

ಈ ಕಥೆಯಲ್ಲಿ ನನಗೆ ದೊಡ್ಡದು ಅನ್ನಿಸುವುದು ಮಂತ್ರಿಗಳ ಕೆಲಸ. ಜಗಳ ಇಬ್ಬರದು, ಸೈನಿಕರು ಯಾಕೆ ಸಾಯಬೇಕು, ನೀವಿಬ್ಬರೇ ಹೋರಾಡಿ ಅಂತ ಎರಡೂ ಕಡೆಯ ಮಂತ್ರಿಗಳು ಸೇರಿ ಒಪ್ಪಿಸುತ್ತಾರೆ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಸಾವಿರ ವರ್ಷಗಳ ಹಿಂದಿನ ಕಾವ್ಯದಲ್ಲಿ ಇಂಥ ಯೋಚನೆ ಇದೆ ಅನ್ನೋದು ಸಣ್ಣ ಮಾತಲ್ಲ. ದೃಷ್ಟಿಯುದ್ಧ ಅಂದದ್ದೇ ತಡ, ಇಬ್ಬರು ಎದ್ದು ಬಂದು ಕಣ್ಣು ಮಿಟುಕಿಸದೆ ನಿಂತರು. ಹಿಂದಿನಿಂದ ಯಾರೋ ಆಕಳಿಸಿದರು, ಇಬ್ಬರೂ ನಕ್ಕು ಸೋತರು. ಜಲಯುದ್ಧಕ್ಕೆ ನಮ್ಮ ನಲ್ಲಿಯಲ್ಲಿ ನೀರೇ ಇರಲಿಲ್ಲ. ಟ್ಯಾಂಕರ್ ಬರುವುದು ಮಧ್ಯಾಹ್ನದ ಮೇಲೆ.

"ಬಾಹುಬಲಿ ಅಣ್ಣನಿಗಿಂತ ಎತ್ತರ ಅಲ್ವಾ ಮಿಸ್, ಮೂರರಲ್ಲೂ ಅವನಿಗೇ ಲಾಭ. ರೂಲ್ಸ್ ಮಾಡೋವಾಗ ಯಾರೂ ನೋಡ್ಲಿಲ್ವಾ?" ಅಂತ ಮುಂದಿನ ಬೆಂಚಿನ ಗಿಡ್ಡನೆಯ ಹುಡುಗ ಕೇಳಿದ. ಅವನನ್ನು ಯಾವಾಗಲೂ ಬೌಂಡರಿಯಲ್ಲಿ ನಿಲ್ಲಿಸುತ್ತಾರೆ. ಪ್ರಶ್ನೆ ಎಲ್ಲಿಂದ ಬಂತು ಅಂತ ಎಲ್ಲರಿಗೂ ಅರ್ಥವಾಯಿತು.

ಮೂರರಲ್ಲೂ ಬಾಹುಬಲಿ ಗೆದ್ದ. ಕುಸ್ತಿಯಲ್ಲಿ ಅಣ್ಣನನ್ನು ಮೇಲೆತ್ತಿದ, ಆದರೆ ನೆಲಕ್ಕೆ ಅಪ್ಪಳಿಸಲಿಲ್ಲ. ಸೋತ ಅವಮಾನಕ್ಕೆ ಭರತ ಒಪ್ಪಂದ ಮುರಿದು ಚಕ್ರ ಬಿಟ್ಟ. ಚಕ್ರ ಬಾಹುಬಲಿಗೆ ಸುತ್ತು ಬಂದು ಸುಮ್ಮನೆ ನಿಂತಿತು. ಅಣ್ಣನ ಈ ಕೆಲಸ ನೋಡಿ ಬಾಹುಬಲಿಗೆ ರಾಜ್ಯದ ಮೇಲೇ ಹೇಸಿಗೆ ಬಂತು. ಎಲ್ಲ ಬಿಟ್ಟು ತಪಸ್ಸಿಗೆ ಹೊರಟ.

ಸಾಮಾನ್ಯವಾಗಿ ಇಲ್ಲಿಗೆ ತ್ಯಾಗದ ಬಗ್ಗೆ ನಾಲ್ಕು ಮಾತು ಹೇಳಿ ಪುಸ್ತಕ ಮುಚ್ಚುತ್ತೇವೆ. ಆದರೆ ಥ್ರೋಬಾಲ್ ತಂಡದ ಹುಡುಗಿಯೊಬ್ಬಳು ಕೈ ಎತ್ತಿದಳು. "ಗೆದ್ದವನು ಯಾಕೆ ಕಾಡಿಗೆ ಹೋದ ಮಿಸ್? ಮಾತು ತಪ್ಪಿದವನು ಅರಮನೆಯಲ್ಲೇ ಇದ್ದಾನಲ್ಲ."

ಜೈನರ ದೃಷ್ಟಿಯಲ್ಲಿ ಅದು ಬಿಟ್ಟುಕೊಟ್ಟದ್ದಲ್ಲ, ತನ್ನನ್ನೇ ಗೆದ್ದದ್ದು, ಅದಕ್ಕಿಂತ ದೊಡ್ಡ ಗೆಲುವಿಲ್ಲ ಅಂದೆ.

"ಅದು ಅವನ ಗೆಲುವು ಮಿಸ್. ಜಗಳದ ಕಥೆ ಏನಾಯ್ತು?" ಆಮೇಲೆ ತನ್ನ ಪಕ್ಕದವಳ ಕಡೆ ನೋಡಿ ಅಂದಳು, "ನಮ್ಮನೇಲೂ ಜಗಳ ಆದ್ರೆ ಅಮ್ಮನೇ ಎದ್ದು ಒಳಗೆ ಹೋಗೋದು. ಎಲ್ಲರೂ ಜಗಳ ಮುಗೀತು ಅಂದ್ಕೋತಾರೆ. ಒಳಗೆ ಹೋಗಿ ನೋಡಿದ್ರೆ ಗೊತ್ತಾಗುತ್ತೆ."

ಹುಡುಗರ ಕಡೆಯಿಂದಲೂ ಯಾರೂ ಕಿಸಕ್ ಅನ್ನಲಿಲ್ಲ. ಎಲ್ಲರಿಗೂ ಮನೆ ಇದೆಯಲ್ಲ.

ನಿಜಕ್ಕೂ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬಾಹುಬಲಿ ಒಂದು ವರ್ಷ ನಿಂತೇ ತಪಸ್ಸು ಮಾಡಿದ. ಕಾಲ ಬಳಿ ಹುತ್ತ ಬೆಳೆಯಿತು, ಬಳ್ಳಿ ತೋಳಿನವರೆಗೆ ಹಬ್ಬಿತು. ಗೊಮ್ಮಟನ ಮೈಮೇಲೆ ಅದನ್ನು ಕೆತ್ತಿದ್ದಾರೆ ಅಂದಾಗ "ಹೌದು, ಹೌದು, ನೋಡಿದೀವಿ" ಅಂದರು. ಅಷ್ಟಾದರೂ ಜ್ಞಾನ ಸಿಗಲಿಲ್ಲ. ನಾನು ನಿಂತಿರುವ ನೆಲ ಅಣ್ಣನದೇ ಅಲ್ಲವೇ ಅನ್ನುವ ಮುಳ್ಳು ಮನಸ್ಸಿನಲ್ಲಿ ಉಳಿದಿತ್ತು ಅಂತ ನಮ್ಮ ಕಡೆ ಕಥೆ ಹೇಳುತ್ತಾರೆ. ಭರತ ತಾನೇ ಬಂದು ಕೈಮುಗಿದ ಮೇಲೆ ಆ ಮುಳ್ಳು ಹೋಯಿತು. ತಮ್ಮ ಬಿಟ್ಟು ಹೊರಟ ದಿನ ಮುಗಿಯದ ಜಗಳ ಅಣ್ಣ ನಡೆದುಕೊಂಡು ಬಂದ ದಿನ ಮುಗಿಯಿತು. ಈ ಕೊನೆಯ ತುಂಡನ್ನು ಬಿಟ್ಟು ಬಾಹುಬಲಿಯ ತ್ಯಾಗವನ್ನಷ್ಟೇ ಹೊಗಳಿದರೆ, ಮಕ್ಕಳಿಗೆ ನಾವು ಕಲಿಸುವುದು ಶಾಂತಿಯನ್ನಲ್ಲ, ಬಾಯಿ ಮುಚ್ಚಿಕೊಂಡಿರುವುದನ್ನು.

"ಬಾಹುಬಲಿ ಒಂದು ವರ್ಷ ನಿಂತ. ನಾವ್ಯಾಕೆ ನಿಲ್ಲಬೇಕು?" ಅಂದಳು ಅದೇ ಹುಡುಗಿ. ಬೋರ್ಡ್ ಒರೆಸಿದೆ. ಅದೇ ಮೂರು ಕಾಲಂ, ಈ ಸಲ ಮೈದಾನದ್ದು. ಸಾಮಾನ್ಯವಾಗಿ ಮಕ್ಕಳ ಜಗಳದಲ್ಲಿ ನಾವು ವಿಚಾರಿಸುವುದು ಯಾರು ಮೊದಲು ಹೊಡೆದರು ಅಂತ. ಅದನ್ನು ಕೇಳಲೇ ಇಲ್ಲ. ಗೋಡೆ ಪಕ್ಕವೇ ಯಾಕೆ ಬೇಕು, ಹೇಳಿ ಅಂದೆ.

ಹುಡುಗರ ಕಾರಣ ಸರಳ. ಗೇಟಿನ ಕಡೆ ಆಡಿದರೆ ಬಾಲ್ ರಸ್ತೆಗೆ ಹೋಗುತ್ತದೆ, ಒಂದು ಸಲ ಬಿಎಂಟಿಸಿ ಬಸ್ಸಿನ ಚಕ್ರದ ಕೆಳಗೆ ಸಿಕ್ಕಿತು. ಹುಡುಗಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಬ್ಬಳು ಮೆಲ್ಲಗೆ ಅಂದಳು, ಗೇಟಿನ ಕಡೆ ಕಾಂಪೌಂಡ್ ಮೇಲೆ ದೊಡ್ಡ ಹುಡುಗರು ಬಂದು ಕೂರುತ್ತಾರೆ, ಏನೇನೋ ಅನ್ನುತ್ತಾರೆ, ಫೋನ್ ಹಿಡಿಯುತ್ತಾರೆ ಅಂತ. ಕ್ಲಾಸಿನ ಹುಡುಗರಿಗೆ ಇದು ಗೊತ್ತೇ ಇರಲಿಲ್ಲ. "ಹೇಳ್ಬಾರ್ದಿತ್ತಾ?" ಅಂದ ಒಬ್ಬ. "ಯಾವಾಗ ಕೇಳಿದ್ರಿ?" ಅಂತ ಉತ್ತರ ಬಂತು.

ಅಂದರೆ ಗೋಡೆ ಪಕ್ಕದ ಜಾಗ ಯಾರಿಗೂ ಅಷ್ಟೊಂದು ಪ್ರಿಯವಾಗಿರಲಿಲ್ಲ. ಇಬ್ಬರಿಗೂ ಬೇಡವಾಗಿದ್ದದ್ದು ಗೇಟಿನ ಕಡೆ. ಇದು ಬೋರ್ಡಿನ ಮೇಲೆ ಬಂದ ಮೇಲೆ ಉಳಿದದ್ದು ಬೇಗ ಆಯಿತು. ಎಚ್‌ಎಂ ಹತ್ತಿರ ಎರಡೂ ಕಡೆಯವರು ಒಟ್ಟಿಗೇ ಹೋದರು. ಆಟದ ಪೀರಿಯಡ್‌ನಲ್ಲಿ ಪಿ.ಟಿ. ಸರ್ ಕಾಂಪೌಂಡ್ ಕಡೆಯೇ ಕುರ್ಚಿ ಹಾಕಿಕೊಂಡು ಕೂರುವುದು ಅಂತಾಯಿತು. ಒಬ್ಬ ಹುಡುಗನ ಚಿಕ್ಕಪ್ಪ ಫ್ಲೆಕ್ಸ್ ಅಂಗಡಿಯಲ್ಲಿದ್ದಾರೆ. ಅಲ್ಲಿಂದ ಯಾರದೋ ಹುಟ್ಟುಹಬ್ಬದ ಹಳೇ ಬ್ಯಾನರ್ ತಂದು ಕಾಂಪೌಂಡಿಗೆ ಎತ್ತರಕ್ಕೆ ಕಟ್ಟಿದರು. ಶುಭ ಕೋರುವವರ ಮುಖಗಳು ಒಳಗಡೆಗೆ, ಬಿಳೀ ಬೆನ್ನು ರಸ್ತೆಗೆ. ಪಿಚ್ ಅಡ್ಡಡ್ಡ ತಿರುಗಿತು. ಹುಡುಗಿಯರ ಕೋರ್ಟ್ ಗೋಡೆ ಪಕ್ಕ ಉಳಿಯಿತು, ಒಂದು ವಾರ ಬಿಟ್ಟು ಒಂದು ವಾರ ಜಾಗ ಅದಲು ಬದಲು.

ಬಾಲ್ ಚುಚ್ಚಿದವನು ಯಾರು ಅಂತ ಇವತ್ತಿಗೂ ನನಗೆ ತಿಳಿಯದು. ಹುಡುಗಿಯರೂ ಕೇಳಲ್ಲ ಅಂದರು. ಆದರೆ ಹೊಸ ಬಾಲ್ ಬರುವವರೆಗೆ ಬ್ಯಾಟ್ ಎಚ್‌ಎಂ ಬೀರುವಿನಲ್ಲೇ ಇರಲಿ ಅಂತ ಷರತ್ತು ಹಾಕಿದರು. ಹುಡುಗರು ಕೂಗಾಡಿದರು, ಆಮೇಲೆ ದುಡ್ಡು ಕೂಡಿಸಿದರು.

ಸೋಮವಾರ ತಂದದ್ದು ಥ್ರೋಬಾಲ್ ಅಲ್ಲ, ವಾಲಿಬಾಲ್. ಗಾತ್ರ ಚಿಕ್ಕದು. ಮತ್ತೆ ಗದ್ದಲ. ಹುಡುಗಿಯರ ಕ್ಯಾಪ್ಟನ್ ಬಾಲನ್ನು ಎರಡು ಸಲ ನೆಲಕ್ಕೆ ಕುಟ್ಟಿ ನೋಡಿದಳು. "ಆಯ್ತು, ಇದರಲ್ಲೇ ಆಡ್ತೀವಿ. ಆದ್ರೆ ಮುಂದಿನ ಸಲ ಅಂಗಡಿಗೆ ನಮ್ಮಲ್ಲೊಬ್ಬಳು ಬರ್ತಾಳೆ, ದುಡ್ಡು ಅವಳ ಕೈಲಿ."