ಮಾಂಟ್ರಿಯಲ್‌ಗೆ ಹಾಡು ಕೇಳಲು ಹೋಗುವವರು ಫ್ರೆಂಚ್ ಗಿಗ್‌ಗಳನ್ನು ಬಿಡಬೇಡಿ

ಕೆನಡಾದ ಮಾಂಟ್ರಿಯಲ್‌ನಲ್ಲಿ ರೂಮು ಹಿಡಿಯುವ ಮೊದಲು ವಿಳಾಸದ ಕೊನೆಯಲ್ಲಿ ‘ಎಸ್ಟ್’ ಇದೆಯೋ ‘ವೆಸ್ಟ್’ ಇದೆಯೋ ನೋಡಿಕೊಳ್ಳಿ. ಸೇಂಟ್ ಲಾರೆಂಟ್ ಬೀದಿ ಊರನ್ನು ಪೂರ್ವ, ಪಶ್ಚಿಮ ಎಂದು ಸೀಳುತ್ತದೆ. ಅಡ್ಡಬೀದಿಗಳ ಮನೆ ನಂಬರುಗಳು ಅಲ್ಲಿಂದಲೇ ಎರಡೂ ಕಡೆಗೆ ಶುರುವಾಗುತ್ತವೆ. ಅಂದರೆ ಒಂದೇ ಬೀದಿಯಲ್ಲಿ ಒಂದೇ ನಂಬರಿನ ಎರಡು ಮನೆಗಳಿರಬಹುದು, ನಡುವೆ ಅರ್ಧ ಗಂಟೆಯ ನಡಿಗೆ. ನನಗೆ ರೂಮು ಕೊಟ್ಟವರು ಜಾಹೀರಾತಿನಲ್ಲಿ ಆ ದಿಕ್ಕನ್ನೇ ಹಾಕಿರಲಿಲ್ಲ. ‘ಮೈಲ್ ಎಂಡ್ ಬಡಾವಣೆಯ ಪಕ್ಕ, ಸಂಗೀತದ ಅಡ್ಡೆಗಳಿಗೆ ಐದು ನಿಮಿಷ’ ಎಂದು ಬರೆದು ರಾತ್ರಿಗೆ 170 ಡಾಲರ್ ತೆಗೆದುಕೊಂಡರು. ದುಡ್ಡು ಕಟ್ಟಿದ ಮೇಲೆ ಬಂದ ಪೂರ್ತಿ ವಿಳಾಸ ದೂರದ ಪೂರ್ವದ್ದು. ರೂಮು ಅರ್ಧ ನೆಲದೊಳಗೆ ಹೂತ ನೆಲಮಾಳಿಗೆ. ಕಿಟಕಿಯಲ್ಲಿ ಕಾಣುತ್ತಿದ್ದದ್ದು ಹೋಗಿಬರುವವರ ಬೂಟು ಮಾತ್ರ. ಹೀಟರಿನ ಗುಂಡಿ ಮೇಲಿನ ಮನೆಯವರ ಕೈಯಲ್ಲಿ. ನವೆಂಬರ್ ಚಳಿಯಲ್ಲಿ ಅವರು ಮಲಗುವಾಗ ಅದನ್ನು ಇಳಿಸಿಬಿಡುತ್ತಿದ್ದರು. ದೂರು ಕೊಟ್ಟರೆ ‘ಇದು ಹಳೇ ಕಟ್ಟಡ’ ಎಂಬ ಒಂದೇ ಉತ್ತರ. ಪೂರ್ತಿ ವಿಳಾಸವನ್ನು ಮೊದಲೇ ಕೊಡದವರ ಹತ್ತಿರ ಹೋಗಲೇಬೇಡಿ. ಮೇಲಂತಸ್ತಿನ ಮನೆ ಎಂದರೆ, ಈ ಭಾಗದಲ್ಲಿ ಮೆಟ್ಟಿಲುಗಳು ಹೊರಗಿರುತ್ತವೆ, ಕಬ್ಬಿಣದವು, ತಿರುಚಿಕೊಂಡು ಏರುತ್ತವೆ. ಹಿಮ ಗಟ್ಟಿದಾಗ ವಯಸ್ಸಾದವರಿಗೆ ಅವು ಆಗಿಬರುವುದಿಲ್ಲ.

ನನ್ನ ಸಲಹೆ: ಲೊರಿಯೇ ಅಥವಾ ಮೋನ್ ರಯಾಲ್ ಮೆಟ್ರೋ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಉಳಿದುಕೊಳ್ಳಿ, ರೂಮು ಚಿಕ್ಕದಾದರೂ ಸರಿ. ನೋಡಬೇಕಾದ ಅಡ್ಡೆಗಳಲ್ಲಿ ಮುಕ್ಕಾಲು ಪಾಲು ಕಾಲ್ನಡಿಗೆಗೆ ಸಿಗುತ್ತವೆ.

ಇನ್ನು ಸಂಗೀತ. ನಮ್ಮಲ್ಲಿ ಹೆಚ್ಚಿನವರಿಗೆ ಮಾಂಟ್ರಿಯಲ್ ಗೊತ್ತಿರುವುದು ಇಂಗ್ಲಿಷ್ ಮೂಲಕ. ಇಲ್ಲಿನ ಆರ್ಕೇಡ್ ಫೈರ್ ತಂಡ 2011ರಲ್ಲಿ ವರ್ಷದ ಅತ್ಯುತ್ತಮ ಆಲ್ಬಂಗೆ ಗ್ರ್ಯಾಮಿ ಗೆದ್ದಿತು. ಗಾಯಕಿ ಗ್ರೈಮ್ಸ್ ತನ್ನ ‘ವಿಷನ್ಸ್’ ಆಲ್ಬಂ ಅನ್ನು ಇಲ್ಲಿನ ಅಪಾರ್ಟ್‌ಮೆಂಟಿನಲ್ಲೇ ರೆಕಾರ್ಡ್ ಮಾಡಿದಳು. ಮಾತಿಲ್ಲದೆ ಇಪ್ಪತ್ತು ನಿಮಿಷ ಏರುತ್ತಲೇ ಹೋಗುವ ಗಾಡ್‌ಸ್ಪೀಡ್ ಯೂ! ಬ್ಲ್ಯಾಕ್ ಎಂಪರರ್ ತಂಡ ಕೂಡ ಈ ಊರಿನದೇ. ನಾನು ಹೊರಟದ್ದೂ ಇವರ ಜಾಡು ಹಿಡಿದೇ. ಆದರೆ ಅದೇ ಬೀದಿಯಲ್ಲಿ, ಕೆಲವೊಮ್ಮೆ ಅದೇ ವೇದಿಕೆಯಲ್ಲಿ, ಫ್ರೆಂಚ್‌ನಲ್ಲಿ ಹಾಡುವ ಇನ್ನೊಂದು ಲೋಕವೇ ಇದೆ ಎಂದು ಟೊರಾಂಟೊದಲ್ಲಿ ಇಷ್ಟು ಕಾಲ ಇದ್ದೂ ಯಾರೂ ನನಗೆ ಹೇಳಿರಲಿಲ್ಲ.

ಅದರ ಗಾತ್ರ ತಿಳಿಯಲು ಒಂದು ಸಂಗತಿ ಸಾಕು. ಲೆ ಕೌಬಾಯ್ಸ್ ಫ್ರಾಂಗಾಂ ತಂಡದ ಗಾಯಕ ಕಾರ್ಲ್ ಟ್ರಾಂಬ್ಲೇ 2023ರ ನವೆಂಬರಿನಲ್ಲಿ ತೀರಿಕೊಂಡಾಗ ಮಾಂಟ್ರಿಯಲ್ ಇರುವ, ಫ್ರೆಂಚ್ ಮಾತಾಡುವ ಕ್ವಿಬೆಕ್ ಪ್ರಾಂತ್ಯದ ಸರ್ಕಾರವೇ ಬೆಲ್ ಸೆಂಟರ್ ಕ್ರೀಡಾಂಗಣದಲ್ಲಿ ಗೌರವ ಸಮಾರಂಭ ನಡೆಸಿತು. ಅದೇ ದೇಶದಲ್ಲಿ, ಕೆಲವೇ ಗಂಟೆಗಳ ದಾರಿಯಾಚೆಗಿರುವ ನನ್ನ ಸಹೋದ್ಯೋಗಿಗಳಿಗೆ ಆ ಹೆಸರೇ ಗೊತ್ತಿರಲಿಲ್ಲ. ಕಾರ್ಕ್‌ವಾ ಎಂಬ ತಂಡ 2010ರಲ್ಲಿ ವರ್ಷದ ಅತ್ಯುತ್ತಮ ಕೆನಡಾ ಆಲ್ಬಂಗೆ ಕೊಡುವ ಪೊಲಾರಿಸ್ ಬಹುಮಾನ ಪಡೆಯಿತು. ಪೂರ್ತಿ ಫ್ರೆಂಚ್ ಆಲ್ಬಂ ಒಂದಕ್ಕೆ ಆ ಬಹುಮಾನ ಸಿಕ್ಕಿದ್ದು ಅದೇ ಮೊದಲು.

ಇದು ಸುಮ್ಮನೆ ಬೆಳೆದದ್ದಲ್ಲ. ಕೆನಡಾದ ನಿಯಮದಂತೆ ಫ್ರೆಂಚ್ ರೇಡಿಯೋ ಕೇಂದ್ರಗಳು ವಾರದಲ್ಲಿ ಹಾಕುವ ಜನಪ್ರಿಯ ಗಾಯನದಲ್ಲಿ ಶೇ 65ರಷ್ಟು ಫ್ರೆಂಚ್ ಹಾಡುಗಳೇ ಇರಬೇಕು. ಜತೆಗೆ ಆಲ್ಬಂ ಮಾಡಲು, ಊರೂರು ತಿರುಗಲು ಸರ್ಕಾರದ ಅನುದಾನ. ಹೊಸಬರಿಗೆಂದೇ ಫ್ರಾಂಕುವರ್ತ್ ಎಂಬ ಸ್ಪರ್ಧೆ ಇದೆ. ಬೆಂಗಳೂರಿನ ಪಬ್ ವೇದಿಕೆಗಳಲ್ಲಿ ಸ್ವಂತ ಕನ್ನಡ ಹಾಡು ಕಟ್ಟಿದ ಹುಡುಗರು ‘ಒಂದೆರಡು ಹಿಂದಿ, ಇಂಗ್ಲಿಷ್ ಕವರ್ ಹಾಡಿ’ ಎಂದು ಹೇಳಿಸಿಕೊಳ್ಳುವುದನ್ನು ಕಂಡಿದ್ದ ನನಗೆ ಇದು ಬಹಳ ದಿನ ತಲೆಯಲ್ಲೇ ಕೂತಿತ್ತು. ಊರಿನ ಭಾಷೆಯ ಹಾಡಿಗೆ ಊರಿನಲ್ಲೇ ಕೇಳುಗರು ಹುಟ್ಟಬೇಕಾದರೆ ಯಾರಾದರೂ ಕೂತು ಆ ವ್ಯವಸ್ಥೆ ಕಟ್ಟಬೇಕು. ಇಲ್ಲಿ ಕಟ್ಟಿದ್ದಾರೆ.

ಎಲ್ಲಿ ಕೇಳಬೇಕು? ಮೊದಲ ಸಂಜೆ ಕಾಸಾ ಡೆಲ್ ಪೊಪೊಲೊಗೆ ಹೋಗಿ. 2000ದಲ್ಲಿ ಶುರುವಾದ ಚಿಕ್ಕ ಜಾಗ. ಗಾಡ್‌ಸ್ಪೀಡ್ ತಂಡದ ಬೇಸ್ ವಾದಕ ಇದನ್ನು ಕಟ್ಟಿದವರಲ್ಲೊಬ್ಬರು. ವೇದಿಕೆಗೂ ನಿಮಗೂ ನಡುವೆ ಕೈಚಾಚುವಷ್ಟೇ ಅಂತರ. ಅದೇ ಸೇಂಟ್ ಲಾರೆಂಟ್ ಬೀದಿಯ ಎದುರು ಸಾಲಿನಲ್ಲಿ ಸಾಲಾ ರೊಸ್ಸಾ: ಸ್ಪ್ಯಾನಿಷ್ ಸಮುದಾಯದ ಹಳೇ ಕಟ್ಟಡದ ಮಹಡಿಯ ಸಭಾಂಗಣ. ಒಂದನ್ನೇ ಆರಿಸಬೇಕೆಂದರೆ ಇದನ್ನು ಆರಿಸಿಕೊಳ್ಳಿ. ದನಿ ಸ್ಪಷ್ಟ, ಹಿಂದೆ ನಿಂತವರಿಗೂ ವೇದಿಕೆ ಕಾಣುತ್ತದೆ. ಫ್ರೆಂಚ್ ರಾಕ್ ಬೇಕಿದ್ದವರು ಸೇಂಟ್ ಡೆನಿಸ್ ಬೀದಿಯ ಎಸ್ಕೊಗ್ರಿಫ್ ಮತ್ತು ಅದರ ಹತ್ತಿರದ ಕೇ ದೆ ಬ್ರೂಮ್‌ಗೆ ಹೋಗಬೇಕು. ಎಸ್ಕೊಗ್ರಿಫ್ ನೆಲಮಾಳಿಗೆಯಲ್ಲಿದೆ, ಜನ ತುಂಬಿದರೆ ಬೆವರಿನ ಹಬೆ ಏಳುತ್ತದೆ. ನೂಕುನುಗ್ಗಲು ನನಗೆ ಇಷ್ಟವೇ. ಆಗದವರು ಸಾಲಾ ರೊಸ್ಸಾದಲ್ಲೇ ಇದ್ದುಬಿಡಿ. ಆ ನೆಲಮಾಳಿಗೆಯಲ್ಲಿ ಮೂವರು ಹುಡುಗಿಯರ ತಂಡವೊಂದನ್ನು ಕೇಳಿದೆ. ಒಂದು ಸಾಲೂ ಅರ್ಥವಾಗಲಿಲ್ಲ. ಸುತ್ತಲಿದ್ದವರು ಮಾತ್ರ ಪ್ರತಿ ಸಾಲನ್ನೂ ಅವರಿಗಿಂತ ಜೋರಾಗಿ ಹಾಡುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸು ಕೇಳದೆಯೇ ನನ್ನ ಕಿವಿಯಲ್ಲಿ ಒಂದೊಂದು ಹಾಡಿನ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳುತ್ತಾ ಹೋದಳು. ಪ್ರವಾಸದ ಅತ್ಯಂತ ಒಳ್ಳೆಯ ರಾತ್ರಿ ಅದು.

ಫ್ರೆಂಚ್, ಇಂಗ್ಲಿಷ್ ಎರಡರಲ್ಲೇ ನಿಲ್ಲಬೇಡಿ. ಉತ್ತರದ ಹಿಮನಾಡಿನ ಮೂಲನಿವಾಸಿಗಳಾದ ಇನ್ಯೂಟ್ ಜನರ ಗಾಯಕಿ ಎಲಿಸಾಪಿ ಇದೇ ಊರಿನಲ್ಲಿದ್ದಾರೆ. 2023ರ ಆಲ್ಬಂನಲ್ಲಿ ಹಳೆಯ ರಾಕ್, ಪಾಪ್ ಹಾಡುಗಳನ್ನು ತಮ್ಮ ಇನುಕ್ಟಿಟುಟ್ ಭಾಷೆಯಲ್ಲಿ ಹಾಡಿದ್ದಾರೆ. ಅವರ ಕಾರ್ಯಕ್ರಮ ನಿಮ್ಮ ದಿನಾಂಕಕ್ಕೆ ಕೂಡಿಬಂದರೆ ಬೇರೆ ಎಲ್ಲವನ್ನೂ ಬಿಟ್ಟು ಹೋಗಿ.

ಉತ್ಸವಗಳ ಬಗ್ಗೆ. ಸೆಪ್ಟೆಂಬರ್ ಕೊನೆಗೆ ಪಾಪ್ ಮಾಂಟ್ರಿಯಲ್, ನವೆಂಬರಿನಲ್ಲಿ ಎಂ ಫಾರ್ ಮಾಂಟ್ರಿಯಲ್, ಜೂನ್‌ನಲ್ಲಿ ಫ್ರೆಂಚ್ ಹಾಡುಗಳ ಫ್ರಾಂಕೋಸ್. ಇವುಗಳಲ್ಲಿ ಎಂ ಫಾರ್ ಮಾಂಟ್ರಿಯಲ್ ಶೋಕೇಸ್ ಉತ್ಸವ. ಶೋಕೇಸ್ ಎನ್ನುವುದು ಮುಖ್ಯವಾಗಿ ಹೊರದೇಶಗಳಿಂದ ಬರುವ ಉತ್ಸವ ಆಯೋಜಕರಿಗೆ, ಬುಕಿಂಗ್ ಏಜೆಂಟರಿಗೆ ತಂಡಗಳನ್ನು ತೋರಿಸುವ ವೇದಿಕೆ. ಒಂದು ತಂಡಕ್ಕೆ ಸಿಗುವುದು ಅರ್ಧ ಗಂಟೆಯೋ ಅದಕ್ಕೂ ಕಡಿಮೆಯೋ. ಹಾಡು ಬಿಸಿಯೇರುವಷ್ಟರಲ್ಲಿ ದೀಪ ಹತ್ತುತ್ತದೆ. ಹೊಸ ಹೆಸರು ಹೆಕ್ಕಿಕೊಳ್ಳಲು ಚೆನ್ನ, ಮನಸ್ಸು ತುಂಬಲು ಸಾಲದು. ಹಾಗಾಗಿ ದುಬಾರಿ ಪಾಸ್ ಕೊಳ್ಳುವ ಬದಲು ಸಾರ್ವಜನಿಕರಿಗೆ ತೆರೆದ ಗಿಗ್‌ಗಳಿಗೆ ಬಿಡಿ ಟಿಕೆಟ್ ತೆಗೆದುಕೊಳ್ಳಿ. ತಗೊಳ್ಳುವಾಗ ಆಯಾ ಜಾಗದವರ ಸ್ವಂತ ಕೊಂಡಿಯಿಂದಲೇ ತಗೊಳ್ಳಿ. ಮರುಮಾರಾಟದ ತಾಣವೊಂದು 20 ಡಾಲರಿನ ಟಿಕೆಟ್ಟನ್ನು ನನಗೆ 50ಕ್ಕೂ ಹೆಚ್ಚಿಗೆ ಅಂಟಿಸಿತು. ಬಾಗಿಲಿಗೆ ಹೋದರೆ ಅಲ್ಲಿ ಇನ್ನೂ ಮೂಲ ಬೆಲೆಗೇ ಮಾರುತ್ತಿದ್ದರು. ಫಲಕದ ಬೆಲೆಯ ಮೇಲೆ ಎರಡು ತೆರಿಗೆ ಸೇರಿ ಸುಮಾರು ಶೇ 15 ಏರುತ್ತದೆ ಎಂಬುದೂ ಲೆಕ್ಕದಲ್ಲಿರಲಿ.

ಊಟಕ್ಕೆ ನನ್ನ ಪೂರ್ತಿ ಓಟು ಸೇಂಟ್ ವಿಯಾಟರ್ ಬೀದಿಯ ಬೇಗಲ್ ಅಂಗಡಿಗೆ. 1957ರಿಂದ ಇದೆ. ಒಳಗೆ ಹೋದರೆ ಮುಖಕ್ಕೆ ಸೌದೆ ಒಲೆಯ ಕಾವು ಬಡಿಯುತ್ತದೆ. ಹಿಟ್ಟನ್ನು ಕೈಯಲ್ಲೇ ಹೊಸೆದು ದೊಡ್ಡ ಕೋಡುಬಳೆಯಂತೆ ಸುತ್ತುತ್ತಾರೆ, ಜೇನು ಬೆರೆಸಿದ ನೀರಿನಲ್ಲಿ ಕುದಿಸುತ್ತಾರೆ, ಎಳ್ಳಿನಲ್ಲಿ ಹೊರಳಿಸಿ ಉದ್ದನೆಯ ಹಲಗೆಯ ಮೇಲೆ ಒಲೆಗೆ ತಳ್ಳುತ್ತಾರೆ. ಎಲ್ಲವೂ ಕಣ್ಣೆದುರೇ. ಎಳ್ಳಿನದನ್ನೇ ಕೇಳಿ, ಯಾವುದು ಈಗ ಒಲೆಯಿಂದ ಇಳಿಯಿತೋ ಅದನ್ನೇ ಕೇಳಿ. ಚೀಸ್ ಬೇಕಾದರೆ ಫ್ರಿಜ್‌ನಿಂದ ಡಬ್ಬಿ ಎತ್ತಿಕೊಳ್ಳಬೇಕು. ನನಗೆ ಬೇಕೆನಿಸಲಿಲ್ಲ. ಹೊರಗೆ ಮಂಜು ಬೀಳುವಾಗ ಕಾಗದದ ಚೀಲವನ್ನು ಕೋಟಿನೊಳಗಿಟ್ಟುಕೊಂಡು, ಬಿಸಿಬಿಸಿಯಾಗಿ ಮುರಿದು ತಿನ್ನುತ್ತಾ ನಡೆದರೆ ಬೇರೆ ಊಟ ಬೇಡ. ಕೆಲವೇ ಡಾಲರಿನಲ್ಲಿ ಹೊಟ್ಟೆ ತುಂಬುತ್ತದೆ. ಗಿಗ್ ಮುಗಿಸಿ ಎಷ್ಟು ಹೊತ್ತಿಗೆ ಹೋದರೂ ಬಾಗಿಲು ತೆರೆದಿರುತ್ತಿತ್ತು. ಹಿಟ್ಟಿಗೆ ಮೊಟ್ಟೆ ಸೇರಿಸುವುದು ಇಲ್ಲಿನ ವಾಡಿಕೆ, ತಿನ್ನದವರು ಗಮನಿಸಿ. ಅಂಥವರು ಪಾರ್ಕ್ ಎಕ್ಸ್‌ಟೆನ್ಷನ್ ಬಡಾವಣೆಯ ಕಡೆ ಹೋದರೆ ದೋಸೆ ಸಿಗುತ್ತದೆ. ಬಾರ್ ಲೆ ರಿಟ್ಜ್ ಎಂಬ ಒಳ್ಳೆಯ ಗಿಗ್ ಜಾಗವೂ ಆ ದಿಕ್ಕಿನಲ್ಲೇ ಇದೆ.

ಹೊರಡುವ ಮೊದಲು ಪಟ್ಟಿಯಲ್ಲಿರುವ ಜಾಗ ಈಗಲೂ ತೆರೆದಿದೆಯೇ ಎಂದು ನೋಡಿ. ದಿವಾನ್ ಓರಾಂಜ್ 2018ರಲ್ಲಿ ಮುಚ್ಚಿತು, ಅದಕ್ಕೂ ಮೊದಲು ಶಬ್ದದ ದೂರು, ದಂಡಗಳನ್ನು ತಿಂದಿತ್ತು. ಲಾ ಟುಲಿಪ್ ಕಥೆ ಇನ್ನೂ ಸಂಕಟದ್ದು: ಅಂಟಿಕೊಂಡ ಕಟ್ಟಡದಲ್ಲಿ ಮನೆ ಮಾಡಿಕೊಂಡವರೊಬ್ಬರು ಸದ್ದಿನ ಮೇಲೆ ಕೋರ್ಟಿಗೆ ಹೋದರು, ಮೇಲ್ಮನವಿ ನ್ಯಾಯಾಲಯವೂ ಅವರ ಪರ ನಿಂತಿತು, 2024ರ ಸೆಪ್ಟೆಂಬರಿನಲ್ಲಿ ಆ ಹಳೇ ರಂಗಮಂದಿರ ಬಾಗಿಲು ಹಾಕಬೇಕಾಯಿತು. ಹಾಡು ಮೊದಲಿತ್ತು, ಮನೆ ಆಮೇಲೆ ಬಂತು. ನನಗೆ ಇದು ಅನ್ಯಾಯವೆಂದೇ ಅನಿಸುತ್ತದೆ.

ಕೊನೆಗೆ ಸಣ್ಣಪುಟ್ಟವು. ಟಿಕೆಟ್ಟಿನ ಮೇಲಿರುವುದು ಬಾಗಿಲು ತೆರೆಯುವ ಹೊತ್ತು, ಹಾಡು ಶುರುವಾಗುವುದು ಒಂದು ಗಂಟೆ ತಡವಾಗಿ. ಕೋಟು ಇಡುವ ಕೌಂಟರಿಗೆ ಚಿಲ್ಲರೆ ನಗದು ಇರಲಿ. ಇಯರ್‌ಪ್ಲಗ್ ಒಯ್ಯಿರಿ. ಬಾರುಗಳು ಬೆಳಗಿನ ಜಾವ ಮೂರರವರೆಗೆ ತೆರೆದಿರುತ್ತವೆ, ಮೆಟ್ರೋ ಮಾತ್ರ ವಾರದ ದಿನಗಳಲ್ಲಿ ರಾತ್ರಿ ಒಂದರ ಹೊತ್ತಿಗೆ ನಿಂತುಹೋಗುತ್ತದೆ. ಆಮೇಲೆ ಮುನ್ನೂರರ ಸಾಲಿನ ನಂಬರಿನ ರಾತ್ರಿ ಬಸ್ಸುಗಳಿವೆ. ಸೇಂಟ್ ಡೆನಿಸ್ ಬೀದಿಯಲ್ಲಿ ಓಡುವುದು 361.