ಬಾಗಿಲಲ್ಲಿ ನಿಂತು ಹಾಡುವ ಡಿಸೆಂಬರ್

ಡಿಸೆಂಬರ್ ಮೊದಲ ವಾರ ಬಂತೆಂದರೆ ಬೆಂಗಳೂರಿನ ಮಾಲುಗಳಲ್ಲಿ, ಕಾಫಿ ಅಂಗಡಿಗಳಲ್ಲಿ, ಲಿಫ್ಟುಗಳ ಒಳಗೆ ಕೂಡ ಅದೇ ಹತ್ತು ಹನ್ನೆರಡು ಕ್ರಿಸ್ಮಸ್ ಹಾಡುಗಳು ತಿರುತಿರುಗಿ ಕೇಳಿಸತೊಡಗುತ್ತವೆ. ಅವುಗಳ ಮೇಲೆ ನನಗೆ ಮುನಿಸಿಲ್ಲ. ಕೆಲವಂತೂ ನಿಜಕ್ಕೂ ಒಳ್ಳೆಯ ಹಾಡುಗಳು. ಆದರೆ ಕೆಲವು ವರ್ಷಗಳಿಂದ ನಾನು ಈ ತಿಂಗಳ ರಾತ್ರಿಗಳನ್ನು, ಆ ಪಟ್ಟಿಯಲ್ಲಿ ಎಂದೂ ಸೇರದ ಹಬ್ಬದ ಹಾಡುಗಳನ್ನು ಹುಡುಕಿ ಕೇಳುವುದಕ್ಕೆ ಮೀಸಲಿಟ್ಟಿದ್ದೇನೆ. ವೃಂದಗಾನ, ಕಂಟ್ರಿ, ಜಾಝ್, ಹಿಪ್‌ಹಾಪ್, ಸಾಲ್ಸಾ ಎಂದು ಒಂದರಿಂದ ಒಂದಕ್ಕೆ ಹೋಗುತ್ತಿದ್ದಾಗ, ನನಗೆ ಹಿಡಿಸಿದ ಹಾಡುಗಳಲ್ಲಿ ಹೆಚ್ಚಿನವು ಒಂದು ಮನೆಯ ಬಾಗಿಲಿನ ಸುತ್ತ ಹುಟ್ಟಿದವು ಎಂಬುದು ನಿಧಾನವಾಗಿ ಗಮನಕ್ಕೆ ಬಂತು. ಯಾರೋ ಹೊರಗೆ ಚಳಿಯಲ್ಲಿ ನಿಂತು ಹಾಡುತ್ತಾರೆ, ಒಳಗಿನವರು ಎದ್ದು ಬಂದು ಅಗುಳಿ ತೆಗೆಯುತ್ತಾರೆ. ಇಲ್ಲವೇ ಯಾರೂ ತಟ್ಟದ ಬಾಗಿಲನ್ನೇ ನೋಡುತ್ತ ಒಳಗಿನವರು ಕುಳಿತಿರುತ್ತಾರೆ.

ಇದು ನನ್ನ ಕಣ್ಣಿಗೆ ಬೀಳುವುದಕ್ಕೆ ನಾನು ಬೆಳೆದ ಮಲೆನಾಡೇ ಕಾರಣ. ದೀಪಾವಳಿಯ ರಾತ್ರಿಗಳಲ್ಲಿ ಅಂಟಿಗೆ-ಪಂಟಿಗೆಯವರು ಹಚ್ಚಿದ ದೀಪವನ್ನು ಗಾಳಿಗೆ ಆರದಂತೆ ಕಾಪಾಡಿಕೊಂಡು, ಗದ್ದೆಯ ಅಂಚು, ಕಾಡಿನ ದಾರಿ ಎನ್ನದೆ ಮನೆಯಿಂದ ಮನೆಗೆ ನಡೆದು ಬರುತ್ತಿದ್ದರು. ಅವರ ದನಿ ದೂರದ ತಿರುವಿನಲ್ಲಿ ಕೇಳಿಸಿದ ಕೂಡಲೇ ಅಜ್ಜಿ ನಮ್ಮನ್ನು ಎಬ್ಬಿಸುತ್ತಿದ್ದಳು. ಅವರ ದೀಪಕ್ಕೆ ಎಣ್ಣೆ ಎರೆದು, ಅದರಿಂದ ನಮ್ಮ ಮನೆಯ ದೀಪವನ್ನು ಹೊತ್ತಿಸಿಕೊಂಡು, ಅಕ್ಕಿ ಕಾಯಿ ಕೊಟ್ಟು ಕಳಿಸುವವರೆಗೆ ಯಾರೂ ಮಲಗುವಂತಿರಲಿಲ್ಲ. ಹಬ್ಬದ ಹಾಡು ಎಂದರೆ ಮನೆಗೆ ನಡೆದು ಬರುವಂಥದ್ದು ಎಂಬ ತಿಳಿವಳಿಕೆ ನನ್ನಲ್ಲಿ ಹಾಗೆ ಕೂತಿದೆ.

ಈ ಹುಡುಕಾಟದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಉಕ್ರೇನಿನ ಒಂದು ಹಾಡು. ‘ಕ್ಯಾರಲ್ ಆಫ್ ದ ಬೆಲ್ಸ್’ ಎಂಬ ಇಂಗ್ಲಿಷ್ ಹಾಡನ್ನು ಹೆಚ್ಚಿನವರು ಎಲ್ಲಾದರೂ ಕೇಳಿಯೇ ಇರುತ್ತಾರೆ. ನಾಲ್ಕು ಸ್ವರಗಳ ಪುಟ್ಟ ತುಣುಕೊಂದು ಗಂಟೆಯ ಬಡಿತದಂತೆ ಬಿಡದೆ ಮರಳುತ್ತ, ಒಂದರ ಮೇಲೊಂದು ಕಂಠ ಸೇರುತ್ತ ಹೋಗುವ ಹಾಡು ಅದು. ಆದರೆ ಅದರ ಮೂಲದಲ್ಲಿ ಗಂಟೆಯೂ ಇಲ್ಲ, ಕ್ರಿಸ್ಮಸ್ಸೂ ಇಲ್ಲ. ಮೂಲದ ಹೆಸರು ‘ಶ್ಚೆದ್ರಿಕ್’. ಹೊಸ ವರ್ಷದ ಹಿಂದಿನ ಸಂಜೆ, ಅಂದರೆ ಹಳೆಯ ಜೂಲಿಯನ್ ಪಂಚಾಂಗದ ಲೆಕ್ಕದಂತೆ ಈಗಿನ ಜನವರಿ 13ರಂದು, ಹಳ್ಳಿಯ ಹುಡುಗಿಯರು ಮನೆಮನೆಗೆ ಹೋಗಿ ಹಾಡುತ್ತಿದ್ದ ಹಾರೈಕೆಯ ಹಾಡು ಅದು. ಅದರಲ್ಲಿ ಅಂಬರಗುಬ್ಬಿಯೊಂದು ಮನೆಗೆ ಹಾರಿಬಂದು ಚಿಲಿಪಿಲಿ ಎಂದು ಯಜಮಾನನನ್ನು ಹೊರಗೆ ಕರೆಯುತ್ತದೆ: ಕೊಟ್ಟಿಗೆಗೆ ಹೋಗಿ ನೋಡು, ಕುರಿಗಳು ಮರಿ ಹಾಕಿವೆ, ನಿನ್ನ ಸೊತ್ತು ಹೆಚ್ಚಲಿದೆ, ನಿನ್ನ ಹೆಂಡತಿ ಕಪ್ಪು ಹುಬ್ಬಿನ ಚೆಲುವೆ ಎಂದು ಹೇಳುತ್ತದೆ. ಹಿಮ ಬೀಳುವ ಜನವರಿಯಲ್ಲಿ ಅಂಬರಗುಬ್ಬಿ ಎಲ್ಲಿಂದ ಬಂತು ಎಂಬ ಪ್ರಶ್ನೆ ಸಹಜ. ಕ್ರೈಸ್ತ ಧರ್ಮ ಬರುವ ಮೊದಲು ಅಲ್ಲಿಯವರ ಹೊಸ ವರ್ಷ ವಸಂತದಲ್ಲಿ ಆರಂಭವಾಗುತ್ತಿತ್ತೆಂದೂ, ವರ್ಷದ ಮೊದಲ ದಿನ ಚಳಿಗಾಲಕ್ಕೆ ಸರಿದರೂ ಹಾಡಿನೊಳಗಿನ ಹಕ್ಕಿ ಹಾಗೆಯೇ ಉಳಿಯಿತೆಂದೂ ಬಲ್ಲವರು ವಿವರಿಸುತ್ತಾರೆ. ಯುಗಾದಿಯನ್ನು ವಸಂತದಲ್ಲೇ ಉಳಿಸಿಕೊಂಡಿರುವ ನಮಗೆ ಆ ಹಕ್ಕಿಯ ಪಾಡು ಬೇಗ ಅರ್ಥವಾಗುತ್ತದೆ.

ಈ ಜನಪದ ಧಾಟಿಯನ್ನು ವೃಂದಗಾನಕ್ಕೆ ಅಳವಡಿಸಿದವರು ಮಿಕೋಲಾ ಲೆಯೊಂಟೊವಿಚ್. ಪಾದ್ರಿಯ ಮಗನಾಗಿದ್ದ ಅವರು ವೃತ್ತಿಯಿಂದ ಶಿಕ್ಷಕರು. ಈ ಒಂದೇ ಹಾಡನ್ನು ವರ್ಷಗಟ್ಟಲೆ ಮತ್ತೆ ಮತ್ತೆ ತಿದ್ದಿದರು. 1916ರಲ್ಲಿ ಕೀವ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅದನ್ನು ಮೊದಲ ಬಾರಿಗೆ ವೇದಿಕೆಯಲ್ಲಿ ಹಾಡಿದರು. ಮುಂದೆ ಸ್ವತಂತ್ರ ಉಕ್ರೇನಿನ ಅಲ್ಪಾಯುಷಿ ಸರ್ಕಾರ, ತನ್ನ ನಾಡು ಎಂಥದ್ದೆಂದು ಯುರೋಪಿಗೆ ಹಾಡಿನ ಮೂಲಕ ತಿಳಿಸಲು ಒಂದು ಗಾಯಕವೃಂದವನ್ನೇ ಕಟ್ಟಿ, ಒಲೆಕ್ಸಾಂದ್ರ್ ಕೋಶಿತ್ಸ್ ಅವರ ನೇತೃತ್ವದಲ್ಲಿ 1919ರಲ್ಲಿ ಹೊರದೇಶಗಳಿಗೆ ಕಳಿಸಿತು. ಸರ್ಕಾರ ಬಿದ್ದುಹೋದ ಮೇಲೂ ವೃಂದ ಊರಿಂದೂರಿಗೆ ಹಾಡುತ್ತ ಸಾಗಿ, 1922ರ ಅಕ್ಟೋಬರ್ 5ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ‘ಶ್ಚೆದ್ರಿಕ್’ ಹಾಡಿತು. ಪೀಟರ್ ವಿಲ್ಹೌಸ್ಕಿ ಎಂಬ ಅಮೆರಿಕದ ವೃಂದನಿರ್ದೇಶಕರಿಗೆ ಆ ಧಾಟಿಯಲ್ಲಿ ಗಂಟೆಗಳ ನಾದ ಕೇಳಿಸಿತು. ಅವರು 1936ರಲ್ಲಿ ಬರೆದ ಇಂಗ್ಲಿಷ್ ಸಾಹಿತ್ಯದೊಂದಿಗೆ ಹಾಡು ಕ್ರಿಸ್ಮಸ್ಸಿನದಾಯಿತು.

ಇದನ್ನೆಲ್ಲ ನೋಡಲು ಲೆಯೊಂಟೊವಿಚ್ ಇರಲಿಲ್ಲ. 1921ರ ಜನವರಿಯಲ್ಲಿ ಅವರು ಮಾರ್ಕಿವ್ಕಾ ಎಂಬ ಹಳ್ಳಿಯಲ್ಲಿದ್ದ ತಂದೆತಾಯಿಯ ಮನೆಗೆ ಬಂದಿದ್ದಾಗ, ಒಬ್ಬ ಅಪರಿಚಿತ ಬಾಗಿಲಿಗೆ ಬಂದು ರಾತ್ರಿ ತಂಗಲು ಜಾಗ ಕೇಳಿದ. ಮನೆಯವರು ಜಾಗ ಕೊಟ್ಟರು. ಬಂದವನು ಸೋವಿಯತ್ ಗುಪ್ತ ಪೊಲೀಸ್ ದಳವಾದ ಚೆಕಾದವನಾಗಿದ್ದ. ಬೆಳಗಿನ ಜಾವ ಲೆಯೊಂಟೊವಿಚ್ ಅವರನ್ನು ಗುಂಡಿಟ್ಟು ಕೊಂದ. ಅವರಿಗಾಗ 43 ವರ್ಷ. ಬಾಗಿಲಿಗೆ ಬಂದು ಒಳ್ಳೆಯದನ್ನು ಹಾರೈಸುವ ಹಾಡನ್ನು ಲೋಕಕ್ಕೆ ಕೊಟ್ಟ ಮನುಷ್ಯನ ಕೊನೆ ಹೀಗಾಯಿತೆಂಬುದನ್ನು ತಿಳಿದ ದಿನದಿಂದ, ನಾನು ಈ ಹಾಡನ್ನು ಉಕ್ರೇನಿಯನ್ ಭಾಷೆಯಲ್ಲೇ ಕೇಳುತ್ತೇನೆ. ಮಾತು ಅರ್ಥವಾಗದಿದ್ದರೂ ಹಕ್ಕಿ ಎಲ್ಲಿ ಕರೆಯುತ್ತದೆ ಎಂಬುದು ಈಗ ಕಿವಿಗೆ ಗೊತ್ತಾಗುತ್ತದೆ.

ಇಂಗ್ಲೆಂಡಿನ ಶೆಫೀಲ್ಡ್ ನಗರದ ಹೊರವಲಯದ ಹಳ್ಳಿಗಳಲ್ಲಿ ಹಾಡುಗಳ ಪಾಲಿಗೆ ಬಾಗಿಲೊಂದು ಮುಚ್ಚಿ ಇನ್ನೊಂದು ತೆರೆದ ಕತೆಯಿದೆ. ಡಂಗ್‌ವರ್ತ್, ಸ್ಟ್ಯಾನಿಂಗ್ಟನ್, ವೊರಾಲ್ ಮೊದಲಾದ ಊರುಗಳ ಪಬ್ಬುಗಳಲ್ಲಿ ನವೆಂಬರ್ ಮಧ್ಯದಿಂದ ಕ್ರಿಸ್ಮಸ್ಸಿನ ಮರುದಿನದವರೆಗೆ ವಾರವಾರವೂ ಜನ ಕಿಕ್ಕಿರಿದು ಸೇರಿ ಕ್ಯಾರಲ್ ಎಂಬ ಕ್ರಿಸ್ಮಸ್ ಗೀತೆಗಳನ್ನು ಹಾಡುತ್ತಾರೆ. ವೇದಿಕೆಯಿಲ್ಲ, ಮುಂದೆ ನಿಂತು ಕೈಯಾಡಿಸುವವರಿಲ್ಲ. ಮೂಲೆಯಲ್ಲಿ ಒಂದು ಆರ್ಗನ್ ಇದ್ದರೆ ಇದ್ದೀತು. ಗಂಡಸರ ದಪ್ಪ ದನಿಗಳು ಒಂದು ಸಾಲನ್ನು ಎತ್ತಿಕೊಂಡರೆ ಹೆಂಗಸರ ದನಿಗಳು ಸ್ವಲ್ಪ ತಡೆದು ಹಿಂದಿನಿಂದ ಬಂದು ಅದನ್ನೇ ಹಿಡಿಯುತ್ತವೆ, ಒಂದನ್ನೊಂದು ಅಟ್ಟಿಸಿಕೊಂಡು ಹೋಗುತ್ತವೆ. ಇವು ಮೊದಲು ಚರ್ಚಿನೊಳಗೇ ಇದ್ದ ಹಾಡುಗಳು. ಪಿಟೀಲು, ಬಸೂನ್ ನುಡಿಸುವ ಊರಿನ ವಾದ್ಯಗಾರರೂ ಗಾಯಕರೂ ಚರ್ಚಿನ ಹಿಂಬದಿಯ ಅಟ್ಟದಲ್ಲಿ ನಿಂತು ಇವನ್ನು ಹಾಡುತ್ತಿದ್ದರು. 19ನೆಯ ಶತಮಾನದಲ್ಲಿ ಪೂಜೆಯ ಸಂಗೀತ ಇನ್ನಷ್ಟು ಗಂಭೀರವಾಗಿರಬೇಕೆಂಬ ಸುಧಾರಣೆಯ ಗಾಳಿ ಬೀಸಿ, ಆ ತಂಡಗಳ ಜಾಗಕ್ಕೆ ಆರ್ಗನ್ ಬಂತು. ಹೊರಬಿದ್ದ ಹಾಡುಗಳಿಗೆ ಪಬ್ಬುಗಳೂ ಮನೆಗಳೂ ಜಾಗ ಕೊಟ್ಟವು.

ಅಲ್ಲಿ ಹೆಚ್ಚು ಕೇಳುವುದು ‘ವೈಲ್ ಶೆಫರ್ಡ್ಸ್ ವಾಚ್ಡ್’ ಎಂಬ ಒಂದೇ ಸಾಹಿತ್ಯದ ಹಲವು ಧಾಟಿಗಳು. ನೇಹಮ್ ಟೇಟ್ ಬರೆದ, 1700ರಲ್ಲಿ ಅಚ್ಚಾದ ಆ ಗೀತೆಯೊಂದಕ್ಕೇ ಆಂಗ್ಲಿಕನ್ ಚರ್ಚು ಬಹಳ ಕಾಲ ಕ್ರಿಸ್ಮಸ್ ಗೀತೆಯೆಂದು ಮಾನ್ಯತೆ ಕೊಟ್ಟಿದ್ದರಿಂದ, ಹೊಸ ಸಾಹಿತ್ಯಕ್ಕೆ ಎಡೆಯಿಲ್ಲದ ಊರೂರಿನ ಸಂಗೀತಗಾರರು ತಮ್ಮ ಕಲ್ಪನೆಯನ್ನೆಲ್ಲ ಧಾಟಿಯ ಮೇಲೆ ಹರಿಸಿದರು. ಒಂದೇ ದಾಸರ ಪದವನ್ನು ತವರಿನಲ್ಲಿ ಒಂದು ಧಾಟಿಯಲ್ಲಿ, ಗಂಡನ ಮನೆಯಲ್ಲಿ ಇನ್ನೊಂದು ಧಾಟಿಯಲ್ಲಿ ಹಾಡುವ ಹೆಂಗಸರನ್ನು ಕಂಡವರಿಗೆ ಇದು ಹೊಸದಲ್ಲ. ಕ್ಯಾಂಟರ್ಬರಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಥಾಮಸ್ ಕ್ಲಾರ್ಕ್ ಕಟ್ಟಿ, 1805ರಲ್ಲಿ ಪ್ರಕಟವಾದ ‘ಕ್ರ್ಯಾನ್‌ಬ್ರೂಕ್’ ಎಂಬ ಧಾಟಿ ಅವುಗಳಲ್ಲೊಂದು. ಅದೇ ಧಾಟಿ ಮುಂದೆ ಯಾರ್ಕ್‌ಶೈರಿನ ಹೆಸರಾಂತ ತಮಾಷೆಯ ಪದವೊಂದಕ್ಕೆ ಅಂಟಿಕೊಂಡಿತು; ಹಾಗಾಗಿ ಅಲ್ಲಿಯವರು ಆ ಧಾಟಿಯಲ್ಲಿ ಕ್ರಿಸ್ಮಸ್ ಗೀತೆಯನ್ನು ಹಾಡುವಾಗ, ತಮಾಷೆಯ ಪದವನ್ನಷ್ಟೇ ಬಲ್ಲ ಹೊರಗಿನವರು ಮೊದಲು ಬೆರಗಾಗುತ್ತಾರೆ.

ಯಾರೂ ಹಾಡುತ್ತ ಬರದ ಬಾಗಿಲಿನ ಒಳಗಡೆಯಿಂದ ಹೊಮ್ಮುವ ಹಾಡುಗಳಲ್ಲಿ ಮರ್ಲ್ ಹ್ಯಾಗರ್ಡ್ 1973ರಲ್ಲಿ ಹಾಡಿದ ‘ಇಫ್ ವಿ ಮೇಕ್ ಇಟ್ ಥ್ರೂ ಡಿಸೆಂಬರ್’ ನನಗೆ ಅತಿ ಪ್ರಿಯವಾದದ್ದು. ಅಮೆರಿಕದ ಕಂಟ್ರಿ ಸಂಗೀತದ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತ್ತು. ಆದರೂ ನಮ್ಮಲ್ಲಿ ಅದನ್ನು ಕೇಳಿದವರು ಕಡಿಮೆ. ಕಾರ್ಖಾನೆಯಲ್ಲಿ ಕೆಲಸ ಕಳೆದುಕೊಂಡ ಅಪ್ಪನೊಬ್ಬನಿಗೆ ಪುಟ್ಟ ಮಗಳ ಮುಂದೆ ಈ ಸಲ ಹಬ್ಬ ಮಾಡಲು ಕೈಯಲ್ಲಿ ಕಾಸಿಲ್ಲ. ಈ ತಿಂಗಳೊಂದನ್ನು ದಾಟಿದರೆ ಸಾಕು, ಬೇಸಿಗೆಗೆ ಬೆಚ್ಚಗಿನ ಊರಿಗೆ, ಬಹುಶಃ ಕ್ಯಾಲಿಫೋರ್ನಿಯಾಕ್ಕೆ ಹೋಗಿಬಿಡೋಣ ಎಂದು ಅವನು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಹ್ಯಾಗರ್ಡ್ ಅವರ ತಂದೆತಾಯಿ 1930ರ ದಶಕದಲ್ಲಿ ಒಕ್ಲಹೋಮಾ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದವರು. ರೈಲಿನ ಹಳೆಯ ಗೂಡ್ಸ್ ಡಬ್ಬಿಯೊಂದನ್ನು ತಂದೆ ಮನೆಯಾಗಿ ಮಾರ್ಪಡಿಸಿದ್ದರು, ಮಗ ಬೆಳೆದದ್ದು ಅದರಲ್ಲೇ. ಅದನ್ನು ತಿಳಿದು ಕೇಳಿದಾಗ ಕ್ಯಾಲಿಫೋರ್ನಿಯಾ ಎಂಬ ಒಂದು ಪದ ಹಾಡಿನಲ್ಲಿ ಬಹಳ ಭಾರವಾಗುತ್ತದೆ. ದನಿಯಲ್ಲಿ ಅಳುವಿಲ್ಲ, ವಾದ್ಯಗಳು ಎಲ್ಲೂ ಏರುವುದಿಲ್ಲ. ನೌಕರಿ ಹೋಗಿದ್ದ ಒಂದು ವರ್ಷ, ದೀಪಾವಳಿಗೆ ಊರಿಗೆ ಹೋಗದಿರಲು ಸುಳ್ಳು ಕಾರಣ ಹೇಳಿ ಬೆಂಗಳೂರಿನ ಕೋಣೆಯಲ್ಲೇ ಉಳಿದಿದ್ದ ನನಗೆ, ಈ ಹಾಡಿನ ಅಪ್ಪ ಮಗಳ ಮುಂದೆ ಏನನ್ನು ಬಚ್ಚಿಡುತ್ತಿದ್ದಾನೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ.

ಜಾಝ್‌ನಲ್ಲಿ ಇದೇ ನೋವು ಸಿಟ್ಟಾಗಿ ಬಂದದ್ದು ಮೈಲ್ಸ್ ಡೇವಿಸ್ ಅವರ ‘ಬ್ಲೂ ಎಕ್ಸ್‌ಮಸ್’ನಲ್ಲಿ. 1962ರ ಆಗಸ್ಟ್ ತಿಂಗಳ ಬೇಸಿಗೆಯಲ್ಲಿ ಧ್ವನಿಮುದ್ರಣವಾದ ಇದರಲ್ಲಿ, ಹಬ್ಬದ ಹೆಸರಿನಲ್ಲಿ ನಡೆಯುವ ದುರಾಸೆಯನ್ನೂ ಬೀದಿಯ ಬಡವರನ್ನೂ ಬಾಬ್ ಡೊರೊ ತಮ್ಮದೇ ಸಾಹಿತ್ಯದಲ್ಲಿ ಹಾಡುತ್ತಾರೆ. ಡೇವಿಸ್ ಅವರ ಟ್ರಂಪೆಟ್ ಡೊರೊ ಅವರ ಮಾತನ್ನು ಮೃದುಮಾಡಲು ಹೋಗುವುದಿಲ್ಲ.

ಸಿಟ್ಟಿನ ಈ ಹಾಡಿನ ಬೆನ್ನಿಗೇ ನಾನು ಕೇಳುವುದು ರನ್-ಡಿಎಂಸಿ ತಂಡದ ‘ಕ್ರಿಸ್ಮಸ್ ಇನ್ ಹಾಲಿಸ್’. ಹಾಲಿಸ್ ಎಂಬುದು ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ಆ ತಂಡದವರು ಬೆಳೆದ ಬಡಾವಣೆ. ಸ್ಪೆಷಲ್ ಒಲಿಂಪಿಕ್ಸ್ ನೆರವಿಗಾಗಿ 1987ರಲ್ಲಿ ಹೊರಬಂದ ಆಲ್ಬಮ್ಮಿಗೆಂದು ಅವರು ಈ ರ‍್ಯಾಪ್ ಬರೆದರು. 1968ರಲ್ಲಿ ಕ್ಲಾರೆನ್ಸ್ ಕಾರ್ಟರ್ ಹಾಡಿದ್ದ ‘ಬ್ಯಾಕ್ ಡೋರ್ ಸಾಂಟಾ’ ಎಂಬ, ಕಪ್ಪು ಅಮೆರಿಕನ್ನರ ‘ಸೋಲ್’ ಸಂಗೀತಶೈಲಿಯ ತುಂಟ ಗೀತೆಯ ತುತ್ತೂರಿಗಳ ತುಣುಕನ್ನು ಎತ್ತಿ ಇದರ ತಳಕ್ಕೆ ಹಾಸಲಾಗಿದೆ. ಹಿತ್ತಿಲ ಬಾಗಿಲಿನಿಂದ ಬಂದ ಆ ಸಾಂಟಾನ ಸಂಗೀತ ಇಲ್ಲಿ ಸೀದಾ ಅಡುಗೆಮನೆಗೆ ಬರುತ್ತದೆ. ಅಲ್ಲಿ ಅಮ್ಮ ಕೋಳಿ, ಸೊಪ್ಪು, ಅನ್ನ, ಚೀಸ್ ಹಾಕಿದ ಮ್ಯಾಕರೋನಿ ಮಾಡುತ್ತಿದ್ದಾಳೆ. ಕಪ್ಪು ಜನರ ಒಂದು ಸಾಮಾನ್ಯ ಬೀದಿಯನ್ನು ಅದರ ಹೆಸರಿನ ಸಮೇತ, ಅಡುಗೆಯ ಸಮೇತ ಅಷ್ಟು ಹೆಮ್ಮೆಯಿಂದ ಹೇಳಿದ ಕ್ರಿಸ್ಮಸ್ ಹಾಡು ನನಗೆ ಇನ್ನೊಂದು ಸಿಕ್ಕಿಲ್ಲ.

ಅದೇ ನಗರದ ಇನ್ನೊಂದು ಭಾಗವಾದ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಟ್ರಾಂಬೋನ್ ವಾದಕ ವಿಲ್ಲಿ ಕೊಲೋನ್, ಕೆರಿಬಿಯನ್ ದ್ವೀಪವಾದ ಪೋರ್ಟೊ ರಿಕೊದ ಪೊನ್ಸೆ ಊರಿನಿಂದ ಹದಿಹರೆಯದಲ್ಲಿ ವಲಸೆ ಬಂದ ಗಾಯಕ ಹೆಕ್ಟರ್ ಲಾವೊ ಅವರೊಂದಿಗೆ ಸೇರಿ, 1970ರ ಸುಮಾರಿಗೆ ‘ಅಸಾಲ್ತೊ ನವಿದೆನ್ಯೊ’ ಎಂಬ ಸಾಲ್ಸಾ ಆಲ್ಬಮ್ ಮಾಡಿದರು. ಅಸಾಲ್ತೊ ಎಂದರೆ ದಾಳಿ. ಪೋರ್ಟೊ ರಿಕೊದಲ್ಲಿ ಕ್ರಿಸ್ಮಸ್ ಕಾಲದ ನಡುರಾತ್ರಿಯಲ್ಲಿ ಗೆಳೆಯರ ಗುಂಪು ಸದ್ದಿಲ್ಲದೆ ಒಂದು ಮನೆಯ ಮುಂದೆ ಸೇರಿ, ಒಮ್ಮೆಲೇ ವಾದ್ಯಗಳನ್ನು ಬಾರಿಸಿ ಹಾಡತೊಡಗುತ್ತದೆ. ನಿದ್ದೆಯಿಂದೆದ್ದ ಮನೆಯವರು ದೀಪ ಹಚ್ಚಿ, ಬಾಗಿಲು ತೆರೆದು, ಬಂದವರಿಗೆ ತಿನ್ನಲು ಕುಡಿಯಲು ಕೊಟ್ಟು, ಆಮೇಲೆ ತಾವೂ ಅದೇ ಗುಂಪನ್ನು ಸೇರಿ ಮುಂದಿನ ಮನೆಗೆ ಹೊರಡುತ್ತಾರೆ. ಬೆಳಗಾಗುವ ಹೊತ್ತಿಗೆ ಗುಂಪು ಬೆಳೆದಿರುತ್ತದೆ. ಆ ರಾತ್ರಿಗಳನ್ನು ದ್ವೀಪದಲ್ಲಿ ಬಿಟ್ಟು ನ್ಯೂಯಾರ್ಕಿನ ಬಾಡಿಗೆ ಮನೆಗಳಿಗೆ ಬಂದವರಿಗಾಗಿ ಈ ಸಂಗೀತ ಹುಟ್ಟಿತು. ಕೊಲೋನ್ ಅವರ ಟ್ರಾಂಬೋನ್ ಪೂರ್ತಿ ನಗರದ್ದು, ಒರಟು, ಗಟ್ಟಿ. ಅದರ ಪಕ್ಕದಲ್ಲೇ ಯೋಮೊ ತೋರೊ ನುಡಿಸುವ ಹತ್ತು ತಂತಿಯ ಕ್ವಾತ್ರೊ ಬೆಟ್ಟದ ಹಳ್ಳಿಗಳ ವಾದ್ಯ. ಇವೆರಡೂ ಒಟ್ಟಿಗೆ ಮಾತಾಡುವ ‘ಐರೆಸ್ ದೆ ನವಿದಾದ್’ ಹಾಡನ್ನು ಮೊದಲು ಕೇಳಿದ ರಾತ್ರಿ ನಾನು ಅದನ್ನೇ ನಾಲ್ಕು ಸಲ ಹಾಕಿಕೊಂಡೆ. ಕೇಳದವರು ಅಲ್ಲಿಂದಲೇ ಆರಂಭಿಸಲಿ ಎಂಬುದು ನನ್ನ ಆಗ್ರಹ.

ಕೆರಿಬಿಯನ್ನಿನ ಇನ್ನೊಂದು ದ್ವೀಪವಾದ ಟ್ರಿನಿಡಾಡಿನಲ್ಲಿ ಮನೆಮನೆಗೆ ಹೋಗಿ ಹಾಡುವ ಪರಾಂಗ್ ಎಂಬ ಕ್ರಿಸ್ಮಸ್ ಸಂಗೀತ ಕೂಡ ಇದೇ ಬಳಗದ್ದು. ಸ್ಪ್ಯಾನಿಷ್ ದಿನಬಳಕೆಯಲ್ಲಿ ಉಳಿಯದ ಆ ದ್ವೀಪದಲ್ಲಿ ಪಾರಮಿನ್, ಲೊಪಿನೊ ಮೊದಲಾದ ಊರುಗಳ ಜನ ಇಂದಿಗೂ ಕ್ರಿಸ್ಮಸ್ಸಿಗೆ ಸ್ಪ್ಯಾನಿಷ್‌ನಲ್ಲೇ ಹಾಡುತ್ತಾರೆ. ಹಾಡುವವರಲ್ಲಿ ಅನೇಕರಿಗೆ ಆ ಭಾಷೆಯಲ್ಲಿ ಮಾತಾಡಲು ಬರುವುದಿಲ್ಲ. 1970ರ ದಶಕದ ಕೊನೆಗೆ ಇದು ಸೋಕಾ ಸಂಗೀತದೊಂದಿಗೆ ಬೆರೆತು ಕುಣಿತದ ಹಾಡಾಗಿಯೂ ಬೆಳೆಯಿತು, ಆದರೆ ನನ್ನ ಮನಸ್ಸು ಹಳೆಯ ಪರಾಂಗಿನ ಕಡೆಗೇ. ಪರಾಂಗ್‌ನ ರಾಣಿ ಎಂದೇ ಹೆಸರಾದ ಡೇಸಿ ವಾಯ್ಸಿನ್ ಅವರ ಏರುದನಿಯ ಧ್ವನಿಮುದ್ರಿಕೆಗಳು ಹುಡುಕಿದರೆ ಸಿಗುತ್ತವೆ. ಇಲ್ಲಿ ಮನೆಗೆ ಹೋಗುವ ತಂಡಕ್ಕೆ ಹಾಡುಗಳ ಕ್ರಮವೇ ಇದೆ. ಹೊಸ್ತಿಲಿನ ಹೊರಗೆ ನಿಂತು ಬಾಗಿಲು ತೆರೆಯುವಂತೆ ಕೇಳುವ ಹಾಡಿಗೆ ಸೆರೆನಾಲ್ ಎನ್ನುತ್ತಾರೆ. ಒಳಗೆ ಬಂದ ಮೇಲೆ ಯೇಸುವಿನ ಜನನವನ್ನು ಹಾಡುವ ಅಗಿನಾಲ್ದೊಗಳು. ಉಂಡು ಕುಡಿದು ಹೊರಡುವಾಗ ಮನೆಯವರಿಗೆ ಕೃತಜ್ಞತೆ ಹೇಳಿ ಬೀಳ್ಕೊಳ್ಳುವ ದೆಸ್ಪೆದಿದಾ. ಈ ಸಲ ಡಿಸೆಂಬರ್ 24ರ ರಾತ್ರಿ ಇವನ್ನು ಅದೇ ಕ್ರಮದಲ್ಲಿ ಕೇಳಬೇಕೆಂದು ಮೂರೂ ಬಗೆಯ ಹಾಡುಗಳನ್ನು ಸೇರಿಸಿ ಇಟ್ಟುಕೊಂಡಿದ್ದೇನೆ. ಎದುರುಮನೆಯವರಿಗೂ ಬರಲು ಹೇಳಿದ್ದೇನೆ.