ದೇವರನ್ನು ನಂಬಿದವರಿಗೂ ಚಿಂತೆ ಯಾಕೆ?

"ಇಷ್ಟು ಪ್ರಾರ್ಥನೆ ಮಾಡ್ತೀರಿ, ಆದ್ರೂ ನಿಮಗ ಚಿಂತಿ ಯಾಕ್ರಿ?" ನಮ್ಮ ಚರ್ಚಿನ ಸಭೆಯವರೂ ಕೇಳುತ್ತಾರೆ, ಹೊರಗಿನವರೂ ಕೇಳುತ್ತಾರೆ. ನನ್ನ ಉತ್ತರ ಇಷ್ಟು: ಚಿಂತೆ ಬಂದೇ ಬರುತ್ತದೆ. ಬಂದದ್ದನ್ನು ಯಾರ ಮುಂದೆ ಇಳಿಸುತ್ತೇನೆ ಅನ್ನುವುದರಲ್ಲಿ ನನ್ನ ವಿಶ್ವಾಸ ಇದೆ.

ಇದನ್ನು ನಾನು ಕಲಿತದ್ದು ನಮ್ಮವ್ವನಿಂದ. ನಮ್ಮದು ಮಾನ್ವಿ ಕಡೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗ. ಮೇಲಿನವರಿಗೆಲ್ಲ ಆಗಿ ಉಳಿದ ನೀರು ನಮಗೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ಡ್ಯಾಮಿನ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ತುಂಬಿ ನಿಂತಿದ್ದ ನೀರು ಕಣ್ಣ ಮುಂದೆಯೇ ಹೊಳೆಗೆ ಹೋಗುತ್ತಿತ್ತು. ನಮ್ಮ ಹೊಲದಲ್ಲಿ ಭತ್ತದ ನಾಟಿ ಅರ್ಧ ಮುಗಿದಿತ್ತು. ಬೀಜ, ಗೊಬ್ಬರ, ಕೂಲಿ ಎಲ್ಲ ಸಾಲದ ದುಡ್ಡು.

ಸುದ್ದಿ ಕೇಳಿದ ಅಪ್ಪ ಮಾತಾಡಲಿಲ್ಲ. ಬ್ಯಾಟರಿ, ಸಲಿಕೆ ಹಿಡಿದು ಹೊಲಕ್ಕೆ ಹೋದರು. ಮಡಿಯಿಂದ ಮಡಿಗೆ ನಡೆದು, ನೀರು ಜಿನುಗುತ್ತಿದ್ದ ಬದುವಿಗೆ ಕೆಸರು ಬಳಿದು, ಕಾಲಲ್ಲಿ ತುಳಿದು ಗಟ್ಟಿ ಮಾಡಿದರು. ಇದ್ದ ನೀರಾದರೂ ನಿಲ್ಲಲಿ ಎಂದು. ಮನೆಯಲ್ಲಿ ಅವ್ವ ಚಾಪೆಯ ಮೇಲೆ ಮೊಣಕಾಲೂರಿ ಅಳುತ್ತಾ ಪ್ರಾರ್ಥಿಸುತ್ತಿದ್ದಳು.

"ಅವ್ವಾ, ನಿನಗ ಹೆದರಿಕಿ ಇಲ್ಲೇನು?" ಅಂದೆ.

"ಐತವ್ವಾ. ಅದನ್ನೇ ಹೇಳಾಕತ್ತೀನಿ ದೇವರಿಗೆ."

ಆವತ್ತಿನಿಂದ, ಚಿಂತೆ ಮಾಡುವವರಿಗೆ ಯಾರಾದರೂ "ನಿಮ್ಮ ವಿಶ್ವಾಸ ಕಡಿಮೆ" ಅಂದರೆ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸುಸ್ವಾಮಿಯೇ ತನ್ನ ಪ್ರಾಣ ಬಹಳ ದುಃಖಪಟ್ಟಿದೆ ಎಂದು ಶಿಷ್ಯರಿಗೆ ಬಾಯಿಬಿಟ್ಟು ಹೇಳಿದನಲ್ಲ! ಬೈಬಲಿನ 13ನೇ ಕೀರ್ತನೆ ಮೊದಲೆರಡು ವಚನಗಳಲ್ಲಿ ನಾಲ್ಕು ಸಲ "ಎಷ್ಟರವರೆಗೆ" ಎಂದು ದೇವರನ್ನೇ ಕೇಳುತ್ತದೆ. ಯಾವುದಕ್ಕೂ ಚಿಂತೆ ಮಾಡದೆ ಬೇಕಾದದ್ದನ್ನು ದೇವರಿಗೆ ತಿಳಿಸಿರಿ ಎಂದು ಫಿಲಿಪ್ಪಿ ಊರಿನ ಸಭೆಯವರಿಗೆ ಪತ್ರ ಬರೆದ ಅಪೊಸ್ತಲ ಪೌಲನು ಆಗ ಬೇಡಿಯಲ್ಲಿದ್ದ. ಸುಖವಾಗಿ ಕೂತು ಕೊಟ್ಟ ಬುದ್ಧಿವಾದ ಅದಲ್ಲ.

ನಿಮ್ಮ ಚಿಂತೆಯನ್ನೆಲ್ಲ ಆತನ ಮೇಲೆ ಹಾಕಿರಿ ಎಂದು ಯೇಸುವಿನ ಶಿಷ್ಯ ಪೇತ್ರ ಬರೆದಿದ್ದಾನೆ. ಆ "ಹಾಕು" ಎಂಬುದಕ್ಕೆ ಗ್ರೀಕಿನಲ್ಲಿ ಇರುವ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: ಶಿಷ್ಯರು ತಮ್ಮ ಬಟ್ಟೆಗಳನ್ನು ಕತ್ತೆಮರಿಯ ಬೆನ್ನಿಗೆ ಹಾಕಿ ಯೇಸುವನ್ನು ಕೂರಿಸಿದ ಕಡೆ, ಲೂಕನ ಸುವಾರ್ತೆಯ 19ನೇ ಅಧ್ಯಾಯದಲ್ಲಿ. ಇದು ತಿಳಿದ ದಿನ ನನಗೆ ಅವ್ವನ ಪ್ರಾರ್ಥನೆಯೇ ಕಣ್ಣಿಗೆ ಬಂತು. ಸಾಲದವರ ಹೆಸರು, ಕೊಡಬೇಕಾದ ಮೊತ್ತ, ತಂಗಿಯ ಕಾಲೇಜು ಫೀಜು, ಒಂದೊಂದನ್ನೇ ತೆಗೆದು ಹಾಕುತ್ತಿದ್ದಳು. ಬೆಳಿಗ್ಗೆ ಮತ್ತೆ ಅವೇ ಹೆಗಲೇರಿರುತ್ತಿದ್ದವು, ಮತ್ತೆ ಹಾಕುತ್ತಿದ್ದಳು. ಅರಣ್ಯದಲ್ಲಿ ದೇವರು ಇಸ್ರಾಯೇಲ್ಯರಿಗೆ ಕೊಟ್ಟ ಮನ್ನ ಎಂಬ ಆಹಾರ ಕೂಡ ಹಾಗೇ ಅಲ್ಲವೇ, ಅವತ್ತಿನದು ಅವತ್ತಿಗೆ. ನಾಳೆಗೆಂದು ಇಟ್ಟದ್ದು ಹುಳ ಬಿದ್ದು ನಾರಿತು.

ಒಂದು ವಾರದಲ್ಲಿ ಹೋದ ಗೇಟಿನ ಜಾಗಕ್ಕೆ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದರು. ಆಮೇಲೆ ಮಳೆ ಚೆನ್ನಾಗಿ ಬಂತು, ಡ್ಯಾಮು ಮತ್ತೆ ತುಂಬಿತು, ನಮ್ಮ ಭತ್ತ ಉಳಿಯಿತು. ಆ ಹರಿವ ನೀರಿನ ಮೇಲೆ ನಿಂತು ಕೆಲಸ ಮಾಡಿದವರಿಗಾಗಿ ನಮ್ಮ ಮನೆಯಲ್ಲಿ ಇವತ್ತಿಗೂ ಪ್ರಾರ್ಥನೆ ಇದೆ. ಆದರೆ "ನೋಡಿ, ನಂಬಿದ್ದಕ್ಕೆ ಬೆಳೆ ಬಂತು" ಎಂದು ನಾನು ಹೇಳುವುದಿಲ್ಲ. ಅದಕ್ಕೆ ಮುಂಚೆ ಒಂದು ವರ್ಷ ನೀರು ಬರದೆ ಕಾಳು ಕಟ್ಟುವ ಹೊತ್ತಿಗೆ ಭತ್ತ ಒಣಗಿತ್ತು. ಆಗಲೂ ಅವ್ವ ಅಷ್ಟೇ ನಂಬಿದ್ದಳು. ಅಂಜೂರ ಚಿಗುರದಿದ್ದರೂ, ಹೊಲ ಬೆಳೆ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ಯೆಹೋವನಲ್ಲಿ ಉಲ್ಲಾಸಪಡುವೆನು ಎಂದ ಪ್ರವಾದಿ ಹಬಕ್ಕೂಕನ ಮಾತನ್ನು ಒಣಗಿದ ಹೊಲದ ಬದುವಿನ ಮೇಲೆ ಕೂತು ಓದಿದ್ದಳು. ಉಲ್ಲಾಸದ ಮಾತು ಬಂದಾಗ ಸ್ವರ ನಡುಗಿತ್ತು. ನಿಲ್ಲಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಕೊನೆಯತನಕ ಓದಿದಳು.

ಮೊನ್ನೆ ಪಕ್ಕದ ಮನೆಯ ಅಕ್ಕ ಗಂಡನ ಆಪರೇಷನ್ನಿನ ಹಿಂದಿನ ರಾತ್ರಿ ಬಂದು ಇದೇ ಪ್ರಶ್ನೆ ಕೇಳಿದರು. ಇಷ್ಟೆಲ್ಲ ಹೇಳಲಿಲ್ಲ. ಕೈ ಹಿಡಿದುಕೊಂಡು 13ನೇ ಕೀರ್ತನೆ ಓದಿದೆ. "ಎಷ್ಟರವರೆಗೆ" ಬಂದಾಗಲೆಲ್ಲ ಅವರೂ ನನ್ನ ಜೊತೆ ಅಂದರು.